ಬಾಲಕ್ಕೆ ಇಟ್ಟ ಬೆಂಕಿ: ಶಿರಾಲಿಯಿಂದ ಕಂಡ ತೆಹರಾನ್

ಮಂಗಳೂರಿನಿಂದ ಬೆಳಿಗ್ಗೆ ಹೊರಟ ಬಸ್ಸು ಪಣಂಬೂರು, ಉಡುಪಿ, ಕುಂದಾಪುರ, ಬೈಂದೂರು ಎಲ್ಲ ದಾಟಿ ಭಟ್ಕಳಕ್ಕೆ ಬರುವಾಗ ಬಿಸಿಲು ಏರಿತ್ತು. ಅಲ್ಲಿಂದ ಹೊನ್ನಾವರದ ದಿಕ್ಕಿಗೆ ಇನ್ನು ಆರೇಳು ಕಿಲೋಮೀಟರ್ ಹೋದರೆ ಶಿರಾಲಿ. ಬಸ್ಸಿನಲ್ಲಿದ್ದ ಪ್ರವಾಸಿಗರೆಲ್ಲ ಮುರುಡೇಶ್ವರದ ದೊಡ್ಡ ಶಿವನನ್ನು ನೋಡಲು ಹೊರಟವರು. ಶಿರಾಲಿಯಲ್ಲಿ ಇಳಿದದ್ದು ನಾನು ಮತ್ತು ಎರಡು ಚೀಲ ತರಕಾರಿ ಹೊತ್ತ ಒಬ್ಬ ಅಮ್ಮ, ಇಬ್ಬರೇ.

ನಾನು ಬಂದದ್ದು ಚಿತ್ರಾಪುರ ಮಠ ನೋಡಲು. ಬಿಸಿಲು ಸ್ವಲ್ಪ ಇಳಿಯಲಿ ಅಂತ ಹೆದ್ದಾರಿ ಬದಿಯ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಕೂತೆ. ಟಿವಿಯಲ್ಲಿ ನ್ಯೂಸ್ ಓಡುತ್ತಿತ್ತು. ಹೊರ್ಮುಜ್ ಜಲಸಂಧಿ, ಇರಾನ್, ಅಮೆರಿಕ, ಯುದ್ಧನೌಕೆ. ಬೆಂಗಳೂರಿನ ಆಫೀಸಿನಲ್ಲಿ ಇಂಥ ಸುದ್ದಿ ಬಂದರೆ ನಾವು ಪೆಟ್ರೋಲ್ ರೇಟು ಎಷ್ಟಾಗಬಹುದು ಅಂತ ಮಾತಾಡಿ ಬೇರೆ ವಿಷಯಕ್ಕೆ ಹೋಗುತ್ತೇವೆ. ಇಲ್ಲಿ ಹಾಗಲ್ಲ. ಮೂಲೆಯ ಬೆಂಚಿನಲ್ಲಿದ್ದ ಹಿರಿಯರೊಬ್ಬರು ಗ್ಲಾಸು ಕೆಳಗಿಟ್ಟು, ದನಿ ಜೋರು ಮಾಡಿ ಅಂತ ಹುಡುಗನಿಗೆ ಸನ್ನೆ ಮಾಡಿದರು. ಹೋಟೆಲಿನಲ್ಲಿದ್ದ ಎಲ್ಲರೂ ತಿರುಗಿ ನೋಡಿದರು.

“ಆ ಕಡೆ ಎಂಥಾದ್ರೂ ಗಲಾಟೆ ಅಂದ್ರೆ ನಮ್ಗೆ ಊಟ ಸೇರೂದಿಲ್ಲ ತಮ್ಮಾ” ಅಂದರು ಅವರು. ಮಗ ದುಬೈಯಲ್ಲಿ ಬೋಟಿನ ಕೆಲಸದಲ್ಲಿದ್ದಾನಂತೆ. ಸ್ವಲ್ಪ ಹೊತ್ತು ಬಿಟ್ಟು ಅವರೇ ಕೇಳಿದರು: “ಈ ಇರಾನಿನವ್ರಿಗೂ ಅಮೆರಿಕದವ್ರಿಗೂ ಜಗಳ ಶುರುವಾದದ್ದು ಎಲ್ಲಿಂದ ಹೇಳಿ ಕಾಂಬ? ನೀವು ಓದಿದವ್ರಲ್ದಾ?”

ಓದಿದವನು ತಡವರಿಸಿದೆ. “1979ರಲ್ಲಿ ಅಮೆರಿಕದ ರಾಯಭಾರ ಕಚೇರಿಗೆ ನುಗ್ಗಿ ಅಲ್ಲಿದ್ದವರನ್ನು ಒತ್ತೆ ಇಟ್ಟುಕೊಂಡರಲ್ಲ, ಅಲ್ಲಿಂದ” ಅಂದೆ. ಮೊಬೈಲಿನಲ್ಲಿ ನಾವು ನೋಡುವ ವಿಡಿಯೊಗಳೆಲ್ಲ ಶುರುವಾಗುವುದು ಅಲ್ಲಿಂದಲೇ.

ಅವರು ತಲೆ ಅಲ್ಲಾಡಿಸಿದರು. “ಅದು ಬಾಲಕ್ಕೆ ಬೆಂಕಿ ಇಟ್ಟದ್ದು. ಅದರ ಹಿಂದೆ ಒಂದು ಕಥೆ ಇರೂದಿಲ್ವಾ?”

ಆಟ, ತಾಳಮದ್ದಳೆ ನೋಡಿ ಬೆಳೆದ ಊರಿನವರ ಮಾತು ಅದು. ಆ ದಿನವಿಡೀ ನನ್ನ ಜೊತೆಗೇ ಬಂತು.

ಮಠದ ಅಂಗಳದಲ್ಲಿ ಒಂದು ಹೆಸರು

ಶಿರಾಲಿಯ ರಥಬೀದಿಯ ಕೊನೆಗೆ ಚಿತ್ರಾಪುರ ಮಠ. ಚಿತ್ರಾಪುರ ಸಾರಸ್ವತರ ಗುರುಪರಂಪರೆ 1708ರಲ್ಲಿ ಗೋಕರ್ಣದಲ್ಲಿ ಶುರುವಾಯಿತು. ಎರಡನೆಯ ಗುರುಗಳ ಸಮಾಧಿ ಶಿರಾಲಿಯಲ್ಲಾಯಿತು, ಮುಂದೆ ಇದೇ ಮುಖ್ಯ ಮಠವಾಯಿತು. ಆರಾಧ್ಯದೇವ ಭವಾನೀಶಂಕರ. ಚೈತ್ರ ಹುಣ್ಣಿಮೆಯ ತೇರಿಗೆ ದೇಶ ವಿದೇಶದಿಂದ ಜನ ಬರುತ್ತಾರೆ, ಉಳಿದ ದಿನ ಸದ್ದಿಲ್ಲ. ಹೋಗುವುದಾದರೆ ಸದ್ದಿಲ್ಲದ ದಿನವೇ ಹೋಗಿ ಅಂತ ನನ್ನ ಸಲಹೆ. ತಣ್ಣನೆಯ ನೆಲ, ಮರದ ಕಂಬ, ದೂರದಲ್ಲೆಲ್ಲೋ ಗಂಟೆ.

ಸಣ್ಣ ಸಮುದಾಯ ಇದು. ಆದರೆ ಗಿರೀಶ ಕಾರ್ನಾಡ, ಶ್ಯಾಮ್ ಬೆನೆಗಲ್, ಗುರುದತ್ ಎಲ್ಲರೂ ಇದೇ ಸಮುದಾಯದವರು. ಹಲವರ ಅಡ್ಡಹೆಸರು ಕರಾವಳಿಯ ಒಂದೊಂದು ಊರಿನ ಹೆಸರು. ಅದರಲ್ಲಿ ಬೆನೆಗಲ್ ಮನೆತನದ ಇನ್ನೊಬ್ಬರ ಹೆಸರು ನಮ್ಮ ಕಥೆಗೆ ಬೇಕು: ಬೆನೆಗಲ್ ನರಸಿಂಗ ರಾವ್. ಹುಟ್ಟಿದ್ದು 1887ರಲ್ಲಿ. ಸಂವಿಧಾನ ಸಭೆಗೆ ಸಾಂವಿಧಾನಿಕ ಸಲಹೆಗಾರರಾಗಿದ್ದವರು, ನಮ್ಮ ಸಂವಿಧಾನದ ಮೊದಲ ಕರಡು ತಯಾರಿಸಿದವರು. ಸ್ಪರ್ಧಾತ್ಮಕ ಪರೀಕ್ಷೆಗೆ ಓದಿದವರಿಗೆ ಇದು ಒಂದು ಮಾರ್ಕಿನ ಪ್ರಶ್ನೆ. ಆದರೆ ಅವರಿಗೂ ಇರಾನಿಗೂ ಇರುವ ನಂಟನ್ನು ಯಾವ ಗೈಡ್ ಪುಸ್ತಕದಲ್ಲೂ ನಾನು ಓದಿರಲಿಲ್ಲ.

1951ರಲ್ಲಿ ರಾವ್ ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿ. ಆ ವರ್ಷವೇ ಇರಾನ್ ತನ್ನ ತೈಲವನ್ನು ರಾಷ್ಟ್ರೀಕರಣ ಮಾಡಿತು. ಅದಕ್ಕೂ ಮುಂಚೆ ಇರಾನಿನ ನೆಲದಡಿಯ ಎಣ್ಣೆ ಆಂಗ್ಲೋ-ಇರಾನಿಯನ್ ಆಯಿಲ್ ಕಂಪನಿಯ ಕೈಯಲ್ಲಿತ್ತು. ಆ ಕಂಪನಿಯ ಹೆಚ್ಚಿನ ಪಾಲು ಬ್ರಿಟಿಷ್ ಸರ್ಕಾರದ್ದು. ಇರಾನಿಗೆ ರಾಯಲ್ಟಿಯಾಗಿ ಸಿಗುತ್ತಿದ್ದುದಕ್ಕಿಂತ ಲಂಡನ್ನಿಗೆ ತೆರಿಗೆಯಾಗಿ ಹೋಗುತ್ತಿದ್ದುದೇ ಜಾಸ್ತಿ. ತೋಟ ನಮ್ಮದು, ಅಡಿಕೆ ಕೊಯ್ದು ಮಾರುವವನು ಇನ್ನೊಬ್ಬ, ಲೆಕ್ಕದ ಪುಸ್ತಕವೂ ಅವನ ಬಳಿಯೇ ಅಂದರೆ ಹೇಗಿರುತ್ತದೆ, ಹಾಗೆ. ಪ್ರಧಾನಿ ಮೊಹಮ್ಮದ್ ಮೊಸಾದೆಕ್ ಇದನ್ನು ಮುರಿದರು. ಬ್ರಿಟನ್ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೂ ಹೋಯಿತು, ಭದ್ರತಾ ಮಂಡಳಿಗೂ ದೂರು ಕೊಟ್ಟಿತು. ಮಂಡಳಿಯಲ್ಲಿ ಆಗ ಭಾರತವೂ ಸದಸ್ಯ. ಭಾರತದ ಕುರ್ಚಿಯಲ್ಲಿ ನರಸಿಂಗ ರಾವ್. ಬ್ರಿಟನ್ನಿನ ನಿರ್ಣಯಕ್ಕೆ ಭಾರತ ಮತ್ತು ಯುಗೊಸ್ಲಾವಿಯ ಸೇರಿ ತಿದ್ದುಪಡಿ ಕೊಟ್ಟವು. ಕೊನೆಗೆ ಮಂಡಳಿ, ನ್ಯಾಯಾಲಯ ಮೊದಲು ಹೇಳಲಿ ಅಂತ ಚರ್ಚೆಯನ್ನು ಮುಂದಕ್ಕೆ ಹಾಕಿತು.

1952ರಲ್ಲಿ ರಾವ್ ಅದೇ ಅಂತಾರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. ಅದೇ ಇರಾನ್ ಪ್ರಕರಣ ಎದುರಿಗೆ ಬಂತು. ಭದ್ರತಾ ಮಂಡಳಿಯಲ್ಲಿ ಭಾರತದ ಪರವಾಗಿ ಈ ವಿಷಯದಲ್ಲಿ ಕೂತಿದ್ದೆ, ಈಗ ನ್ಯಾಯಾಧೀಶನಾಗಿ ಕೂರುವುದು ಸರಿಯಲ್ಲ ಅಂತ ಅವರು ಆ ಪೀಠದಿಂದ ಹಿಂದೆ ಸರಿದರು. ಅವರಿಲ್ಲದ ಪೀಠ 1952ರ ಜುಲೈ 22ರಂದು, 9–5 ಮತಗಳಿಂದ, ಈ ವ್ಯಾಜ್ಯ ವಿಚಾರಿಸುವ ಅಧಿಕಾರ ತನಗಿಲ್ಲ ಎಂದಿತು. ಇರಾನ್ ಗೆದ್ದ ಹಾಗಾಯಿತು.

ಮಠದ ಜಗಲಿಯಲ್ಲಿ ಕೂತು ನಾನು ಯೋಚಿಸಿದ್ದು ಆ ಹಿಂದೆ ಸರಿದ ಹೆಜ್ಜೆಯ ಬಗ್ಗೆ. ಯಾರೂ ಕೇಳದಿದ್ದರೂ ನಿಯಮಕ್ಕೆ ತಲೆಬಾಗುವುದು. ಮುಂದಿನ ಮೂವತ್ತು ವರ್ಷದ ಇರಾನ್ ಕಥೆಯಲ್ಲಿ ಈ ಗುಣ ಬಹಳ ಅಪರೂಪ.

ಎರಡು ಬೆಂಕಿ

ಕೋರ್ಟಿನಲ್ಲಿ ಆಗದ್ದನ್ನು ಹಿಂಬಾಗಿಲಿನಿಂದ ಮಾಡಿದರು. 1953ರ ಆಗಸ್ಟ್ 19ರಂದು ಮೊಸಾದೆಕ್ ಸರ್ಕಾರ ಉರುಳಿತು. ಉರುಳಿಸಿದ ಸಂಚಿನಲ್ಲಿ ಅಮೆರಿಕದ ಸಿಐಎ ಮತ್ತು ಬ್ರಿಟನ್ನಿನ ಗುಪ್ತಚರರ ಕೈ ಇತ್ತು. ತನ್ನ ಪಾತ್ರವನ್ನು ಸಿಐಎ ತನ್ನದೇ ದಾಖಲೆಗಳಲ್ಲಿ ಒಪ್ಪಿಕೊಂಡದ್ದು 2013ರಲ್ಲಿ ಬಹಿರಂಗವಾಯಿತು. ದೇಶ ಬಿಟ್ಟು ಓಡಿದ್ದ ಷಾ ಮರಳಿ ಬಂದು ಸಿಂಹಾಸನ ಏರಿದರು. ಮೊಸಾದೆಕ್‌ಗೆ ಮೂರು ವರ್ಷ ಜೈಲು, ಆಮೇಲೆ 1967ರಲ್ಲಿ ಸಾಯುವವರೆಗೂ ಗೃಹಬಂಧನ. 1954ರ ಹೊಸ ತೈಲ ಒಕ್ಕೂಟದಲ್ಲಿ ಅಮೆರಿಕದ ಕಂಪನಿಗಳಿಗೆ ಶೇ. 40 ಪಾಲು. 1957ರಲ್ಲಿ ಸಾವಕ್ ಎಂಬ ಗುಪ್ತ ಪೊಲೀಸ್ ಪಡೆ. ಹೋಟೆಲಿನ ಹಿರಿಯರು ಕೇಳಿದ “ಹಿಂದಿನ ಕಥೆ” ಇದು.

ಈಗ 1979ಕ್ಕೆ ಬನ್ನಿ. ಜನವರಿಯಲ್ಲಿ ಷಾ ದೇಶ ಬಿಟ್ಟರು. ಫೆಬ್ರವರಿ 1ರಂದು ಖೊಮೇನಿ ಮರಳಿದರು. 11ರಂದು ಕ್ರಾಂತಿ ಗೆದ್ದಿತು. ಮೂರೇ ದಿನದಲ್ಲಿ, ಫೆಬ್ರವರಿ 14ರಂದು, ಶಸ್ತ್ರಧಾರಿಗಳು ಅಮೆರಿಕದ ರಾಯಭಾರ ಕಚೇರಿಗೆ ನುಗ್ಗಿದರು. ಆಗ ಹೊಸ ಸರ್ಕಾರದವರೇ ಬಂದು ಕೆಲವು ಗಂಟೆಗಳಲ್ಲಿ ಬಿಡಿಸಿದರು. ಅಂದರೆ ಬಿಡಿಸಬಹುದಿತ್ತು. ಈ ಮಾತು ನೆನಪಿನಲ್ಲಿರಲಿ.

ಅಕ್ಟೋಬರ್‌ನಲ್ಲಿ ಕ್ಯಾನ್ಸರ್ ಚಿಕಿತ್ಸೆಗೆ ಅಂತ ಷಾಗೆ ಅಮೆರಿಕ ಬಾಗಿಲು ತೆರೆಯಿತು. ತೆಹರಾನಿನ ಬೀದಿಯಲ್ಲಿ ಅದನ್ನು ಯಾರೂ ಆಸ್ಪತ್ರೆಯ ಸುದ್ದಿಯಾಗಿ ಕೇಳಲಿಲ್ಲ. 1953ರಲ್ಲಿಯೂ ಷಾ ಹೀಗೇ ಓಡಿದ್ದರು, ಅಮೆರಿಕ ಹೀಗೇ ತಂದು ಕೂರಿಸಿತ್ತು, ಮತ್ತೆ ಅದೇ ಆಟ ಅಂತ ಜನ ನಂಬಿದರು. ನವೆಂಬರ್ 4ರಂದು ವಿದ್ಯಾರ್ಥಿಗಳು ಗೋಡೆ ಹತ್ತಿದರು. 66 ಜನ ಸೆರೆಯಾದರು. ತಿಂಗಳ ಕೊನೆಯೊಳಗೆ 13 ಜನರನ್ನು ಬಿಟ್ಟರು, ಮರುವರ್ಷ ಕಾಯಿಲೆಯಾದ ಒಬ್ಬರನ್ನು. ಉಳಿದ 52 ಜನ 444 ದಿನ ಒಳಗೇ ಇದ್ದರು.

ಈ ಸಲ ಸರ್ಕಾರ ಬಿಡಿಸಲಿಲ್ಲ. ಖೊಮೇನಿ ಬೆಂಬಲಿಸಿದರು. ಪ್ರಧಾನಿ ಬಜರ್ಗಾನ್ ರಾಜೀನಾಮೆ ಕೊಟ್ಟರು. ಅಂತಾರಾಷ್ಟ್ರೀಯ ನ್ಯಾಯಾಲಯ 1980ರ ಮೇ 24ರ ತೀರ್ಪಿನಲ್ಲಿ ಹಿಡಿದದ್ದು ಇದನ್ನೇ. ಮೊದಲ ದಿನ ನುಗ್ಗಿದ್ದು ವಿದ್ಯಾರ್ಥಿಗಳ ಕೃತ್ಯ, ತಡೆಯದಿದ್ದದ್ದು ಸರ್ಕಾರದ ತಪ್ಪು. ಆದರೆ ಒತ್ತೆಯಾಳುಗಳನ್ನು ಇಟ್ಟುಕೊಳ್ಳುವುದಕ್ಕೆ ಸರ್ಕಾರದ ಮುದ್ರೆ ಬಿದ್ದ ಮೇಲೆ ಅದು ಇರಾನ್ ದೇಶದ್ದೇ ಕೃತ್ಯವಾಯಿತು ಎಂದಿತು. ಬಿಡಲೇಬೇಕು ಎಂಬುದಕ್ಕೆ ಭಾರತದ ನಾಗೇಂದ್ರ ಸಿಂಗ್ ಸೇರಿ 15 ನ್ಯಾಯಾಧೀಶರದೂ ಒಮ್ಮತ.

ಅಲ್ಲಾ, ಆ ಕಚೇರಿಯಲ್ಲಿ ಗೂಢಚಾರರೂ ಇದ್ದರಲ್ಲ ಅಂತ ನೀವು ಕೇಳಬಹುದು. ಇದ್ದರು. ಅದಕ್ಕೂ ಕೋರ್ಟು ಉತ್ತರ ಕೊಟ್ಟಿತು. ರಾಜತಾಂತ್ರಿಕರ ಮೇಲೆ ಸಂಶಯ ಬಂದರೆ 1961ರ ವಿಯೆನ್ನಾ ಒಪ್ಪಂದದಲ್ಲೇ ಮದ್ದಿದೆ. ನೀನು ಬೇಡ, ಹೊರಡು ಅನ್ನಬಹುದು. ಕಾರಣವನ್ನೂ ಹೇಳಬೇಕಿಲ್ಲ. ಸಂಬಂಧವನ್ನೇ ಕಡಿದು ಕಚೇರಿ ಮುಚ್ಚಿಸಬಹುದು. ಆದರೆ ಹಿಡಿದಿಟ್ಟುಕೊಳ್ಳುವ ಹಾಗಿಲ್ಲ. ದೂತರಿಗೆ ರಕ್ಷಣೆ ಕೊಡುವ ಈ ಪದ್ಧತಿ ಬೆಳೆಯಲು ಇಸ್ಲಾಮಿನ ಸಂಪ್ರದಾಯವೂ ದೊಡ್ಡ ಕೊಡುಗೆ ಕೊಟ್ಟಿದೆ ಎಂದೂ ತೀರ್ಪು ನೆನಪಿಸಿತು.

ನಮ್ಮ ಕಡೆಯ ಆಟದಲ್ಲೂ ಇದೇ ನ್ಯಾಯ. ಕೃಷ್ಣ ಸಂಧಾನದಲ್ಲಿ ಕೌರವ ಸಂಧಾನಕ್ಕೆ ಬಂದವನನ್ನೇ ಕಟ್ಟಲು ಹೊರಡುತ್ತಾನೆ. ಅಲ್ಲಿಗೆ ಅವನ ಪಕ್ಷದ ನ್ಯಾಯವೆಲ್ಲ ಮುಗಿಯಿತು. ಲಂಕೆಯಲ್ಲಿ ವಿಭೀಷಣ, ದೂತನನ್ನು ಕೊಲ್ಲಬಾರದು ಅಂತಾನೆ. ಸರಿ, ಬಾಲಕ್ಕೆ ಬೆಂಕಿ ಇಡಿ ಅಂತಾನೆ ರಾವಣ. ಸುಟ್ಟದ್ದು ಯಾರ ಊರು? ಇಲ್ಲಿ ಅಮೆರಿಕ ಹನುಮಂತನೇನೂ ಅಲ್ಲ ಬಿಡಿ. 1953ರಲ್ಲಿ ಮೊದಲ ಕಡ್ಡಿ ಗೀರಿದ್ದೇ ಅದು. ಆದರೆ ಬೆಂಕಿ ಹಬ್ಬಿದ ರೀತಿ ಮಾತ್ರ ಅದೇ.

ಸುಟ್ಟದ್ದು ಎಲ್ಲೆಲ್ಲಿ

1980ರ ಏಪ್ರಿಲ್‌ನಲ್ಲಿ ಅಮೆರಿಕ ಸಂಬಂಧ ಕಡಿದುಕೊಂಡಿತು. ಅದೇ ತಿಂಗಳು ಒತ್ತೆಯಾಳುಗಳನ್ನು ಬಿಡಿಸಲು ಹೋದ ಅದರ ಪಡೆ ತಬಸ್ ಮರುಭೂಮಿಯಲ್ಲಿ ತಾನೇ ಡಿಕ್ಕಿ ಹೊಡೆದುಕೊಂಡು 8 ಸೈನಿಕರನ್ನು ಕಳೆದುಕೊಂಡಿತು. ಕಾರ್ಟರ್ ಚುನಾವಣೆ ಸೋತರು. ಸೆಪ್ಟೆಂಬರ್ 22ರಂದು ಸದ್ದಾಂ ಇರಾನಿನ ಮೇಲೆ ಬಿದ್ದಾಗ ಇರಾನ್ ಜಗತ್ತಿನಲ್ಲಿ ಒಂಟಿ. ನ್ಯಾಯ ಕೇಳಲು ಹೋದರೆ, ನೀನು ಕೋರ್ಟಿನ ಮಾತು ಕೇಳಿದ್ದೀಯಾ ಅಂತ ಎದುರು ಪ್ರಶ್ನೆ. ಆ ಯುದ್ಧ 8 ವರ್ಷ ನಡೆಯಿತು. ಕೊನೆಗೆ ಅಲ್ಜೀರಿಯ ಮಧ್ಯಸ್ಥಿಕೆ ಮಾಡಿ, 1981ರ ಜನವರಿ 20ರಂದು, ರೇಗನ್ ಪ್ರಮಾಣವಚನ ಮುಗಿದ ಕೆಲವೇ ನಿಮಿಷಕ್ಕೆ ಆ 52 ಜನ ಹೊರಬಿದ್ದರು. ಎರಡು ದೇಶಗಳ ಮಧ್ಯೆ ಕಡಿದ ರಾಯಭಾರ ಸಂಬಂಧ ಮಾತ್ರ ಮತ್ತೆ ಕೂಡಲಿಲ್ಲ. ಇರಾನಿನಲ್ಲಿ ಅಮೆರಿಕದ ಪರವಾಗಿ ಮಾತಾಡುವ ಹೊಣೆ ಸ್ವಿಟ್ಜರ್ಲೆಂಡಿನದಾಯಿತು.

ಕಿಡಿ ನಮ್ಮ ಕರ್ನಾಟಕಕ್ಕೂ ಹಾರಿತು. ಬೆಳಿಗ್ಗೆ ಬಸ್ಸಿನ ಕಿಟಕಿಯಿಂದ ಪಣಂಬೂರಿನಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿಯ ಸ್ಥಾವರ ಕಂಡಿದ್ದೆ. ಆ ಕಂಪನಿ ಹುಟ್ಟಿದ್ದೇ ಇರಾನಿಗಾಗಿ. 1975ರಲ್ಲಿ ಷಾ ಸರ್ಕಾರದ ಜೊತೆ ಒಪ್ಪಂದವಾಯಿತು. 63 ಕೋಟಿ ಡಾಲರ್ ಸಾಲ ಇರಾನಿನದು, ಅದಿರು ಕೊಳ್ಳುವವರೂ ಅವರೇ. 1976ರಲ್ಲಿ ಕಂಪನಿ ಶುರು. ಪಶ್ಚಿಮ ಘಟ್ಟದ ನೆತ್ತಿಯಿಂದ ಮಂಗಳೂರಿನ ಬಂದರಿಗೆ ಕೊಳವೆ, ವರ್ಷಕ್ಕೆ 75 ಲಕ್ಷ ಟನ್ ಸಾಮರ್ಥ್ಯ. ಕಾಮಗಾರಿ ನಡೆಯುತ್ತಿದ್ದಾಗಲೇ ಅಲ್ಲಿ ಕ್ರಾಂತಿಯಾಯಿತು, ಹಣ ನಿಂತಿತು. ಉಳಿದದ್ದನ್ನು ನಮ್ಮ ಸರ್ಕಾರ ಹಾಕಿ ಮುಗಿಸಿ, 1980ರಲ್ಲಿ ಎಲ್ಲ ಸಿದ್ಧವಾದಾಗ ಕೊಳ್ಳುವವರಿಲ್ಲ. ಇದಕ್ಕೆ ಒತ್ತೆಯಾಳು ಪ್ರಕರಣಕ್ಕಿಂತ ಕ್ರಾಂತಿಯೇ ನೇರ ಕಾರಣ. ಆದರೆ ತೆಹರಾನಿನ ಬೀದಿಯಲ್ಲಿ ಆದದ್ದು ನಮ್ಮ ಘಟ್ಟದ ಮೇಲಿನ ಕೆಲಸಗಾರನ ಅನ್ನಕ್ಕೂ ತಟ್ಟುತ್ತದೆ ಅನ್ನಲು ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ. ಅದೇ ವರ್ಷಗಳಲ್ಲಿ ಕಚ್ಚಾತೈಲದ ಬೆಲೆ ದುಪ್ಪಟ್ಟು ದಾಟಿತು. 1981ರಲ್ಲಿ ಭಾರತ ಐಎಂಎಫ್ ಮುಂದೆ ದೊಡ್ಡ ಸಾಲಕ್ಕೆ ನಿಲ್ಲಬೇಕಾಯಿತು.

ಇನ್ನೊಂದು ಕಿಡಿ ಬಿದ್ದದ್ದು ಸಮುದ್ರದ ಮೇಲೆ. 1988ರ ಜುಲೈ 3ರಂದು ಬಂದರ್ ಅಬ್ಬಾಸ್‌ನಿಂದ ದುಬೈಗೆ ಹೊರಟ ಇರಾನಿನ ಪ್ರಯಾಣಿಕ ವಿಮಾನವನ್ನು ಅಮೆರಿಕದ ಯುದ್ಧನೌಕೆ ಹೊಡೆದುರುಳಿಸಿತು. 290 ಜನ ಸತ್ತರು. ಅದರಲ್ಲಿ 10 ಮಂದಿ ಭಾರತೀಯರು.

ತೆಂಗಿನಗುಂಡಿಯ ಸಂಜೆ

ಮಠದಿಂದ ಹೊರಬಿದ್ದು ಸಂಜೆ ತೆಂಗಿನಗುಂಡಿ ಬಂದರಿಗೆ ಹೋದೆ. ವೆಂಕಟಾಪುರ ಹೊಳೆ ಸಮುದ್ರ ಸೇರುವ ಜಾಗ. ಬಲೆ ಹೆಣೆಯುವವರು, ಐಸ್ ಪುಡಿ ಮಾಡುವವರು, ಮೀನಿನ ಬುಟ್ಟಿಯ ಸುತ್ತ ಚೌಕಾಸಿ. ಎದುರಿಗೆ ಅರಬ್ಬಿ ಸಮುದ್ರ. ಇಲ್ಲಿಂದ ನೇರ ವಾಯವ್ಯಕ್ಕೆ ಹೊರಟರೆ ಹೊರ್ಮುಜ್. ಈ ದಾರಿ ಹೊಸತಲ್ಲ. ವಿಜಯನಗರದ ಕಾಲದಲ್ಲಿ ಹೊರ್ಮುಜ್‌ನ ಕುದುರೆಗಳು ಇಳಿಯುತ್ತಿದ್ದ ಬಂದರುಗಳಲ್ಲಿ ಭಟ್ಕಳವೂ ಒಂದು. ಭಟ್ಕಳದ ನವಾಯತರ ಮಾತಿನಲ್ಲಿ ಕೊಂಕಣಿಯ ಜೊತೆ ಅರಬ್ಬಿ, ಪಾರ್ಸಿ ಪದಗಳು ಇವತ್ತಿಗೂ ಬೆರೆತಿವೆ. ಆಗ ಅಲ್ಲಿಂದ ಕುದುರೆ ಬರುತ್ತಿತ್ತು, ಈಗ ಇಲ್ಲಿಂದ ಹುಡುಗರು ಹೋಗುತ್ತಾರೆ.

2018ರಲ್ಲಿ ಹಾಗೆ ಹೋದ 18 ಮೀನುಗಾರರು, ಉತ್ತರ ಕನ್ನಡದ ಭಟ್ಕಳ, ಕುಮಟಾ ಕಡೆಯವರು, ದುಬೈಯ ಬೋಟುಗಳಲ್ಲಿ ಮೀನು ಹಿಡಿಯುತ್ತಿದ್ದಾಗ ಇರಾನಿನ ಗಡಿ ದಾಟಿದ ಆರೋಪದ ಮೇಲೆ ಕಿಶ್ ದ್ವೀಪದಲ್ಲಿ ಸೆರೆಯಾದರು. ಬೋಟು ಅವರದಲ್ಲ, ದಾರಿ ನಿರ್ಧರಿಸಿದವರೂ ಅವರಲ್ಲ, ಆದರೆ ಸಿಕ್ಕಿಬಿದ್ದವರು ಅವರು. ಊರಿನಲ್ಲಿ ಹೆಂಡತಿ, ತಾಯಿ ಜಿಲ್ಲಾಧಿಕಾರಿ ಕಚೇರಿಗೆ ಅಲೆದರು. ಮನವಿ ದೆಹಲಿಗೆ ಹೋಯಿತು, ಅಲ್ಲಿಂದ ತೆಹರಾನಿನ ಭಾರತೀಯ ರಾಯಭಾರ ಕಚೇರಿಗೆ. ತಿಂಗಳುಗಟ್ಟಲೆ ಕಾದ ಮೇಲೆ ಅವರು ಮನೆ ಸೇರಿದರು.

ನಮಗೆ ರಾಯಭಾರ ಕಚೇರಿ ಅಂದರೆ ವೀಸಾ ಕ್ಯೂ, ಇಲ್ಲವೇ ಸಿನಿಮಾದಲ್ಲಿ ಗೂಢಚಾರರು ಓಡಾಡುವ ಬಂಗಲೆ. ಈ ಬಂದರಿನ ಒಂದು ಮನೆಗೆ ಅದು ಪರದೇಶದಲ್ಲಿ ಇರುವ ಒಂದೇ ಒಂದು ಬಾಗಿಲು. ದೊಡ್ಡ ದೇಶಗಳ ಹತ್ತಿರ ಹಡಗಿದೆ, ಬಾಂಬಿದೆ, ಬ್ಯಾಂಕಿನಲ್ಲಿ ಮುಟ್ಟುಗೋಲು ಹಾಕಲು ಇನ್ನೊಬ್ಬರ ಹಣವಿದೆ. ಬೋಟಿನ ಹುಡುಗನಿಗೆ ಆ ಬಾಗಿಲು ಬಿಟ್ಟರೆ ಏನೂ ಇಲ್ಲ. ಬಾಗಿಲು ತಟ್ಟಿದರೆ ತೆರೆಯುವವನೊಬ್ಬ ಇರಬೇಕು, ಅವನನ್ನು ಯಾರೂ ಮುಟ್ಟಬಾರದು. 1979ರಲ್ಲಿ ತೆಹರಾನಿನ ಹುಡುಗರಿಗಿದ್ದ ಸಿಟ್ಟು ಸುಳ್ಳಲ್ಲ. 1953 ನಡೆದದ್ದು ನಿಜ. ಆದರೆ ಆ ಸಿಟ್ಟು ಒಡೆದದ್ದು ಅಮೆರಿಕದ ಬಾಗಿಲೊಂದನ್ನೇ ಅಲ್ಲ. 1953ರಲ್ಲಿ ರಾಯಭಾರದ ಮರೆಯಲ್ಲಿ ಸರ್ಕಾರ ಉರುಳಿಸಿದವರೂ ಅದೇ ಬಾಗಿಲನ್ನು ಒಡೆದಿದ್ದರು, ಒಳಗಿನಿಂದ.

ಒತ್ತೆಯಾಳಾಗಿದ್ದ ಅಮೆರಿಕದ ಹಿರಿಯ ಅಧಿಕಾರಿ ಬ್ರೂಸ್ ಲೇಂಗನ್ ಅವರ ಹೆಂಡತಿ ಪೆನ್ನಿ, ಮನೆ ಮುಂದಿನ ಓಕ್ ಮರಕ್ಕೆ ಹಳದಿ ರಿಬ್ಬನ್ ಕಟ್ಟಿ ಗಂಡನಿಗಾಗಿ ಕಾದರು. ದೇಶವಿಡೀ ಮರಗಳಿಗೆ ರಿಬ್ಬನ್ ಬಂತು. ನಮ್ಮ ಕರಾವಳಿಯಲ್ಲಿ ರಿಬ್ಬನ್ ಇಲ್ಲ, ಹರಕೆ ಇದೆ. ಕಾಯುವುದು ಮಾತ್ರ ಒಂದೇ.

ಕತ್ತಲಾಗುವಾಗ ಬಸ್ಸಿಗಾಗಿ ಮತ್ತೆ ಶಿರಾಲಿಯ ಅದೇ ಹೋಟೆಲಿಗೆ ಬಂದೆ. ಹಿರಿಯರು ಇನ್ನೂ ಅಲ್ಲೇ ಇದ್ದರು. ಎಣ್ಣೆ ಕಂಪನಿ, ಮೊಸಾದೆಕ್, 1953 ಎಲ್ಲ ಹೇಳಿದೆ. ಅದೇ ಎಣ್ಣೆಯ ವ್ಯಾಜ್ಯದ ಪೀಠದಿಂದ ಹಿಂದೆ ಸರಿದು ಕೂತ ಬೆನೆಗಲ್ ನರಸಿಂಗ ರಾಯರ ಸುದ್ದಿಯನ್ನೂ ಹೇಳಿದೆ. ಅದು ಅವರಿಗೆ ಬಹಳ ಹಿಡಿಸಿತು.

“ಹಿಂದೆ ಸರಿಯೂಕೆ ಗೊತ್ತಿದ್ದವ ದೊಡ್ಡವ ನೋಡಿ” ಅಂದರು. ಮತ್ತೆ ಏನೋ ಹೇಳಲು ಹೊರಟವರ ಅಂಗಿಯ ಜೇಬಿನಲ್ಲಿ ಫೋನ್ ರಿಂಗಾಯಿತು. ಪರದೆಯ ಮೇಲೆ ಮಗನ ಮುಖ, ಹಿಂದೆ ಬೋಟಿನ ಹಳದಿ ದೀಪ. ಅವರು ಹೊರ್ಮುಜ್ ಬಗ್ಗೆ ಕೇಳಲಿಲ್ಲ, ಅಮೆರಿಕದ ಬಗ್ಗೆಯೂ ಕೇಳಲಿಲ್ಲ.

“ಊಟ ಆಯ್ತನಾ?” ಅಂತ ಕೇಳಿದರು.